ಅಜ್ಜನ ಟ್ರಂಕಿನಲ್ಲಿ ಸಿಕ್ಕ ಎರಡು ಲೇಖನಿಗಳ ಪದಕ: ಫ್ರೀಮೇಸನ್ ಲಾಡ್ಜ್‌ನಲ್ಲಿ ಯಾರು ಯಾವ ಪೀಠದಲ್ಲಿ ಕೂರುತ್ತಾರೆ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಊರು. ಕಕ್ಕಡದ ಮಳೆಗೆ ಐನ್‌ಮನೆಯ ಅಟ್ಟ ಸೋರಿತೆಂದು ಸಾಮಾನು ಕೆಳಗಿಳಿಸುವಾಗ, ತೀರಿಹೋದ ನಮ್ಮ ಅಜ್ಜನ ಕಬ್ಬಿಣದ ಟ್ರಂಕು ಸಿಕ್ಕಿತು. ಅದರಲ್ಲಿ ಬೂಸ್ಟು ಹಿಡಿದ ಒಂದು ಬಿಳಿ ಚರ್ಮದ ಏಪ್ರನ್, ಎರಡು ಲೇಖನಿಗಳು ಒಂದರ ಮೇಲೊಂದು ಅಡ್ಡವಾಗಿರುವ ಪದಕವನ್ನು ಕಟ್ಟಿದ ಕೊರಳಪಟ್ಟಿ, ಶಾಲೆಯ ರೇಖಾಗಣಿತದ ಚಿತ್ರದಂತೆ ಕಾಣುವ ಇನ್ನೊಂದು ಸಣ್ಣ ಬೆಳ್ಳಿ ಪದಕ, ಹಾಗೂ 1968ರ ‘ಸಮನ್ಸ್’ ಎಂಬ ಮುದ್ರಿತ ಕಾಗದ ಇದ್ದವು. ಕಾಗದದಲ್ಲಿ ಹಲವರ ಹೆಸರುಗಳ ಪಕ್ಕದಲ್ಲಿ ಡಬ್ಲ್ಯೂ.ಎಂ., ಎಸ್.ಡಬ್ಲ್ಯೂ., ಐ.ಪಿ.ಎಂ., ಐ.ಜಿ. ಎಂದೆಲ್ಲ ಇದೆ, ಅಜ್ಜನ ಹೆಸರಿನ ಪಕ್ಕದಲ್ಲಿ ‘ಪಿ.ಎಂ., ಸೆಕ್ರೆಟರಿ’ ಎಂದಿದೆ. ಅವರು ಫ್ರೀಮೇಸನ್ ಆಗಿದ್ದರೆಂದು ಅಜ್ಜಿ ಹೇಳುತ್ತಿದ್ದರು, ಅದಕ್ಕಿಂತ ಹೆಚ್ಚೇನೂ ನಮಗೆ ಗೊತ್ತಿಲ್ಲ. ಅವರು ಅಲ್ಲಿ ಏನಾಗಿದ್ದರು? ಅವರ ಮೇಲೆ ಯಾರಿದ್ದರು? ಇಡೀ ಪ್ರಪಂಚದ ಮೇಸನ್ನರಿಗೆ ಒಬ್ಬನೇ ನಾಯಕನಿದ್ದಾನೆ, 33ನೇ ಡಿಗ್ರಿಯವರು ಎಲ್ಲರನ್ನೂ ಆಳುತ್ತಾರೆ ಎನ್ನುವುದು ನಿಜವೇ? ಈ ವಸ್ತುಗಳನ್ನು ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಅಜ್ಜ ಮೊದಲು ತಮ್ಮ ಲಾಡ್ಜ್‌ನ ಮಾಸ್ಟರ್, ಅಂದರೆ ಮುಖ್ಯಸ್ಥ, ಆಗಿದ್ದು, ಆ ಪೀಠದಿಂದ ಇಳಿದ ಮೇಲೆ ಅದೇ ಲಾಡ್ಜ್‌ನ ಕಾರ್ಯದರ್ಶಿಯಾಗಿದ್ದವರು. ಇದನ್ನು ಹೇಳಲು ನೀವು ಬರೆದಿರುವ ನಾಲ್ಕು ವಸ್ತುಗಳೇ ಸಾಕು. ಅಡ್ಡವಾಗಿಟ್ಟ ಎರಡು ಲೇಖನಿಗಳು ಕಾರ್ಯದರ್ಶಿಯ ಪದಕ. ಪಿ.ಎಂ. ಎಂದರೆ ಪಾಸ್ಟ್ ಮಾಸ್ಟರ್, ಅಂದರೆ ಒಮ್ಮೆ ಮಾಸ್ಟರ್ ಪೀಠದಲ್ಲಿ ಕುಳಿತು ಅವಧಿ ಮುಗಿಸಿದವರು. ರೇಖಾಗಣಿತದ ಚಿತ್ರದಂಥ ಪದಕವೂ ಅದಕ್ಕೇ ಸಾಕ್ಷಿ: ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಒಂದು ಲಂಬಕೋನ ತ್ರಿಭುಜ, ಅದರ ಮೂರು ಬಾಹುಗಳ ಮೇಲೂ ಒಂದೊಂದು ಚೌಕ, ಇಡೀ ಚಿತ್ರವು ಒಂದು ಮೂಲೆಮಟ್ಟದಿಂದ ತೂಗಾಡುವಂತೆ ಕೂಡಿಸಿರುವುದು ಕಾಣಬೇಕು. ಅದು ಯೂಕ್ಲಿಡನ ಮೊದಲ ಪುಸ್ತಕದ 47ನೇ ಪ್ರಮೇಯ. ನಾವು ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯವೆಂದು ಕಲಿತದ್ದು. ಇಂಗ್ಲಿಷ್ ಸಂಪ್ರದಾಯದಲ್ಲಿ ಪಾಸ್ಟ್ ಮಾಸ್ಟರ್ ಆದವರ ಗುರುತು ಇದೇ. ಏಪ್ರನ್ನಿನ ಮೇಲೆ ಬಟ್ಟೆಯ ಹೂವುಗಳಿಗೆ ಬದಲಾಗಿ, ತಲೆಕೆಳಗಾದ ಇಂಗ್ಲಿಷಿನ ‘ಟಿ’ ಅಕ್ಷರದಂಥ ಬಿಳಿಲೋಹದ ಮೂರು ಗುರುತುಗಳಿದ್ದರೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ.

ಉತ್ತರ ಬರೆಯುತ್ತಿರುವ ನಾನೂ ಮೂವತ್ತು ವರ್ಷಗಳಿಂದ ಮೇಸನ್, ಅಂದರೆ ಫ್ರೀಮೇಸನ್ನರ ಸೋದರಸಂಘದ ಸದಸ್ಯ. ಮಡಿಕೇರಿಯಿಂದ ಮೈಸೂರು ಕಡೆಯ ಒಂದು ಲಾಡ್ಜ್‌ಗೆ ಹೋಗಿಬರುತ್ತ ಹಲವು ವರ್ಷ ಕಾರ್ಯದರ್ಶಿಯ ಕೆಲಸ ಮಾಡಿದ್ದೇನೆ. ನಾವು ಹೊರಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿರುವುದು ಒಬ್ಬರನ್ನೊಬ್ಬರು ಗುರುತಿಸುವ ಕೆಲವು ರೀತಿಗಳನ್ನು ಮಾತ್ರ. ಹುದ್ದೆಗಳು, ಚುನಾವಣೆ, ಹಣಕಾಸು, ಆಡಳಿತ ಇವುಗಳಲ್ಲಿ ಯಾವುದೂ ಗುಟ್ಟಲ್ಲ. ನಿಯಮಗಳ ಪುಸ್ತಕ ಮುದ್ರಣವಾಗಿಯೇ ಇದೆ. ನಮ್ಮಲ್ಲಿ ಲಾಡ್ಜ್ ಎಂದರೆ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ರಾತ್ರಿ ತಂಗುವ ಜಾಗ, ಸಮನ್ಸ್ ಎಂದರೆ ಕೋರ್ಟಿನ ಕಾಗದ ಎಂಬ ಅರ್ಥಗಳು ಬೇರೂರಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ: ಲಾಡ್ಜ್ ಎಂದರೆ ಮೇಸನ್ನರ ಸ್ಥಳೀಯ ಘಟಕ, ಸಮನ್ಸ್ ಎಂದರೆ ಅದರ ಸಭೆಯ ತಿಳಿವಳಿಕೆ ಪತ್ರ. ಮೇಸನ್ ಎಂಬ ಪದಕ್ಕೆ ಕಲ್ಲುಕೆಲಸದವನು ಎಂದರ್ಥ. ಹುದ್ದೆಗಳ ಹೆಸರುಗಳೂ ಚಿಹ್ನೆಗಳೂ ಹುಟ್ಟಿದ್ದು ಯೂರೋಪಿನ ಕಲ್ಲುಕುಟಿಗರ ಕೆಲಸದ ಮನೆಗಳಲ್ಲಿ. ನಮ್ಮ ಊರಿನ ಗಾರೆ ಮೇಸ್ತ್ರಿಯ ಚೀಲವನ್ನು ಬಿಚ್ಚಿ ನೋಡಿದರೆ ಲಾಡ್ಜ್‌ನ ಮೂರು ಮುಖ್ಯ ಅಧಿಕಾರಿಗಳ ಪದಕಗಳೂ ಅದರಲ್ಲಿ ಸಿಗುತ್ತವೆ. ಮಾಸ್ಟರ್‌ನದು ಮೂಲೆಮಟ್ಟ. ಸೀನಿಯರ್ ವಾರ್ಡನ್‌ನದು ಮಟ್ಟ. ಈಗಿನ ರಸಮಟ್ಟ ಬರುವುದಕ್ಕೆ ಮುಂಚೆ ಮರದ ಚೌಕಟ್ಟಿಗೆ ದಾರದಲ್ಲಿ ಗುಂಡು ಕಟ್ಟಿ ನೆಲದ ಸಮತೆ ನೋಡುತ್ತಿದ್ದರಲ್ಲ, ಆ ಹಳೆಯ ಮಾದರಿ. ಜೂನಿಯರ್ ವಾರ್ಡನ್‌ನದು ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು. ನಿಮ್ಮ ಕಾಗದದಲ್ಲಿರುವ ಡಬ್ಲ್ಯೂ.ಎಂ. ಎಂಬುದು ವರ್ಷಿಪ್‌ಫುಲ್ ಮಾಸ್ಟರ್, ಎಸ್.ಡಬ್ಲ್ಯೂ. ಮತ್ತು ಜೆ.ಡಬ್ಲ್ಯೂ. ಎಂಬುವು ಈ ಇಬ್ಬರು ವಾರ್ಡನ್‌ಗಳು.

‘ವರ್ಷಿಪ್‌ಫುಲ್’ ಎಂಬ ಬಿರುದನ್ನು ‘ಪೂಜ್ಯ’ ಎಂದು ಕನ್ನಡಿಸಿಕೊಂಡು, ಮೇಸನ್ನರು ತಮ್ಮ ನಾಯಕನನ್ನು ಪೂಜಿಸುತ್ತಾರೆಂದು ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಮಾನ್ಯ, ಗೌರವಾನ್ವಿತ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಇಂಗ್ಲೆಂಡಿನ ಪಟ್ಟಣಗಳ ಮೇಯರ್‌ಗಳಿಗೂ ಅದೇ ಬಿರುದು ಸಲ್ಲುತ್ತಿತ್ತು. ಮಾನ್ಯ ಮಾಸ್ಟರ್ ಎಂದು ಓದಿಕೊಂಡರೆ ಸರಿಯಾಗುತ್ತದೆ.

ಈ ಮಾಸ್ಟರ್ ಯಾರು, ಆತನಿಗೆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಇಡೀ ಸಂಸ್ಥೆಯ ಆಡಳಿತ ಅರ್ಥವಾದಂತೆಯೇ. ನಮ್ಮ ಕೊಡಗಿನಲ್ಲಿ ಊರುತಕ್ಕರ ಸ್ಥಾನ ಒಂದು ಒಕ್ಕಕ್ಕೆ ಸೇರಿದ್ದು. ತಲೆಮಾರಿನಿಂದ ತಲೆಮಾರಿಗೆ ಅದೇ ಒಕ್ಕದವರು ದೇವಸ್ಥಾನದ ಹಬ್ಬದಲ್ಲಿ ಮುಂದೆ ನಿಲ್ಲುತ್ತಾರೆ, ಅದನ್ನು ಊರು ಒಪ್ಪಿಕೊಂಡೇ ಬಂದಿದೆ. ಒಕ್ಕದೊಳಗೆ ಪಟ್ಟೆದಾರರ ಸ್ಥಾನ ವಯಸ್ಸಿನಿಂದ ಬರುತ್ತದೆ. ಲಾಡ್ಜ್‌ನ ಪೀಠ ಹುಟ್ಟಿನಿಂದಲೂ ಬರುವುದಿಲ್ಲ, ವಯಸ್ಸಿನಿಂದಲೂ ಬರುವುದಿಲ್ಲ. ಸದಸ್ಯರು ವರ್ಷಕ್ಕೊಮ್ಮೆ ಗುಪ್ತ ಮತದಾನದಿಂದ ಮಾಸ್ಟರ್‌ನನ್ನು ಆರಿಸುತ್ತಾರೆ. ಆರಿಸಿಕೊಳ್ಳಬೇಕಾದವನು ಅದಕ್ಕೆ ಮುಂಚೆ ಒಂದು ಪೂರ್ಣ ವರ್ಷ ವಾರ್ಡನ್ ಆಗಿ ದುಡಿದಿರಬೇಕು ಎಂಬುದು ಸಾಮಾನ್ಯ ನಿಯಮ. ಹೊರಗೆ ಎಷ್ಟೇ ದೊಡ್ಡ ಅಧಿಕಾರಿಯಾಗಿದ್ದರೂ ಎಷ್ಟೇ ಎಕರೆ ತೋಟವಿದ್ದರೂ ಈ ಮೆಟ್ಟಿಲನ್ನು ತುಳಿಯದೆ ಮೇಲೆ ಹತ್ತುವಂತಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬನೇ ಸತತವಾಗಿ ಪೀಠದಲ್ಲಿ ಮುಂದುವರಿಯಬೇಕಾದರೆ ಮೇಲಿನವರ ವಿಶೇಷ ಅನುಮತಿ ಬೇಕು.

ಪೀಠಾರೋಹಣದ ದಿನ ಹೊಸ ಮಾಸ್ಟರ್‌ನ ಕೈಗೆ ಮೊದಲು ಕೊಡುವುದು ಲಾಡ್ಜ್‌ನ ವಾರಂಟ್. ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ ಹೊರಡಿಸಿದ ಈ ಸನ್ನದು ಇಲ್ಲದೆ ಯಾವ ಲಾಡ್ಜೂ ಸಭೆ ಸೇರುವಂತಿಲ್ಲ. ತನ್ನ ಅವಧಿಯುದ್ದಕ್ಕೂ ಅದನ್ನು ಜೋಪಾನವಾಗಿ ಕಾಯ್ದು ಮುಂದಿನವನಿಗೆ ಒಪ್ಪಿಸುವುದು ಮಾಸ್ಟರ್‌ನ ಹೊಣೆ. ಆಮೇಲೆ ನಿಯಮಗಳ ಪುಸ್ತಕವನ್ನೂ ಲಾಡ್ಜ್‌ನ ಉಪನಿಯಮಗಳನ್ನೂ ಕೊಡುತ್ತಾರೆ. ಆತ ತನ್ನ ವರ್ಷದ ವಾರ್ಡನ್‌ಗಳನ್ನೂ ಇತರ ಬಹುತೇಕ ಅಧಿಕಾರಿಗಳನ್ನೂ ತಾನೇ ನೇಮಿಸುತ್ತಾನೆ, ಸಭೆಯನ್ನು ನಡೆಸುತ್ತಾನೆ, ಹೊಸಬರಿಗೆ ದೀಕ್ಷೆ ಕೊಡುತ್ತಾನೆ, ಸುತ್ತಿಗೆಯ ಒಂದು ಪೆಟ್ಟಿಗೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಇಷ್ಟೆಲ್ಲ ಇದ್ದರೂ ಅವನ ಕೈ ಕಟ್ಟಿರುವ ವಿಷಯಗಳು ಕಡಿಮೆಯಲ್ಲ. ಲಾಡ್ಜ್‌ನಲ್ಲಿ ರಾಜಕೀಯವನ್ನೂ ಮತಧರ್ಮದ ವಾದವನ್ನೂ ಚರ್ಚೆಗೆ ತರಲು ಅವನು ಅನುಮತಿ ಕೊಡುವಂತಿಲ್ಲ. ಗುಪ್ತ ಮತದ ಫಲಿತಾಂಶವನ್ನು ಅವನು ಬದಲಿಸುವಂತಿಲ್ಲ. ಉಪನಿಯಮವನ್ನು ಒಬ್ಬನೇ ತಿದ್ದುವಂತಿಲ್ಲ. ಅವನ ತೀರ್ಮಾನದಿಂದ ಅನ್ಯಾಯವಾಯಿತೆಂದು ಅನ್ನಿಸಿದ ಸದಸ್ಯ ಗ್ರ್ಯಾಂಡ್ ಲಾಡ್ಜ್‌ಗೆ ಮೇಲ್ಮನವಿ ಹೋಗಬಹುದು. ಅವಧಿ ಮುಗಿದ ದಿನ, ಆ ಸುತ್ತಿಗೆಯನ್ನೂ ಕೊರಳಪಟ್ಟಿಯನ್ನೂ ಮುಂದಿನವನಿಗೆ ಕೊಟ್ಟು ಅವನ ಎಡಗಡೆಯ ಕುರ್ಚಿಗೆ ಸರಿಯುತ್ತಾನೆ. ಆಗ ಅವನ ಹೆಸರು ಐ.ಪಿ.ಎಂ., ಅಂದರೆ ಈಗಷ್ಟೇ ಪೀಠ ಬಿಟ್ಟ ಮಾಸ್ಟರ್. ಅದಕ್ಕೆ ಚುನಾವಣೆಯೂ ಇಲ್ಲ, ನೇಮಕವೂ ಇಲ್ಲ. ಇಂಗ್ಲಿಷ್ ನಿಯಮದ ಪ್ರಕಾರ ಅದು ಹುದ್ದೆಯೇ ಅಲ್ಲ. ಆದರೂ ಮಾಸ್ಟರ್ ಗೈರುಹಾಜರಾದರೆ ಪೀಠಕ್ಕೆ ಮೊದಲು ಕರೆಯುವುದು ಅವನನ್ನೇ.

ನನ್ನ ಮನಸ್ಸಿಗೆ ಈ ಸಂಸ್ಥೆಯಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ. ಅಧಿಕಾರ ಪೀಠದ್ದು, ಕುಳಿತವನದ್ದಲ್ಲ ಎಂಬುದನ್ನು ಪ್ರತಿ ವರ್ಷ ಎಲ್ಲರ ಕಣ್ಣೆದುರಿಗೇ ಮಾಡಿ ತೋರಿಸುತ್ತಾರೆ.

ಹೀಗೆ ವರ್ಷವರ್ಷವೂ ತಲೆ ಬದಲಾಗುವ ಜಾಗದಲ್ಲಿ ಕೆಲಸ ಕೈಬಿಟ್ಟುಹೋಗದಂತೆ ಹಿಡಿದು ನಿಲ್ಲಿಸುವವನು ಕಾರ್ಯದರ್ಶಿ. ಕಾಫಿ ತೋಟವನ್ನು ನೋಡಿದ ನಿಮಗೆ ಇದನ್ನು ವಿವರಿಸುವುದು ಸುಲಭ: ಸಾಹುಕಾರರು ಬದಲಾಗಬಹುದು, ಮ್ಯಾನೇಜರ್ ಬದಲಾಗಬಹುದು, ಆದರೆ ಯಾವ ಬ್ಲಾಕಿನಲ್ಲಿ ಎಷ್ಟು ಆಳು, ಯಾವ ವರ್ಷ ಎಷ್ಟು ಇಳುವರಿ, ಯಾರಿಗೆ ಎಷ್ಟು ಮುಂಗಡ ಎಂಬುದೆಲ್ಲ ತೋಟದ ರೈಟರ್‌ನ ಪುಸ್ತಕದಲ್ಲಿರುತ್ತದೆ. ಲಾಡ್ಜ್‌ನ ಕಾರ್ಯದರ್ಶಿ ಅಂಥವನು. ಸಮನ್ಸ್ ಬರೆದು ಅಚ್ಚು ಹಾಕಿಸಿ ಪ್ರತಿ ಸದಸ್ಯನಿಗೂ ಅಂಚೆಯಲ್ಲಿ ಕಳಿಸಬೇಕು. ಸಭೆಯಲ್ಲಿ ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಸಭೆಯಲ್ಲಿ ಓದಿ ಮಾಸ್ಟರ್‌ನ ಸಹಿ ಹಾಕಿಸಬೇಕು. ವರ್ಷಕ್ಕೊಮ್ಮೆ ಸದಸ್ಯರ ವಿವರವನ್ನೂ ಅವರ ಪಾಲಿನ ಶುಲ್ಕವನ್ನೂ ಗ್ರ್ಯಾಂಡ್ ಲಾಡ್ಜ್‌ಗೆ ಕಳಿಸಬೇಕು. ಹೊಸ ಮೇಸನ್ನನಿಗೆ ಪ್ರಮಾಣಪತ್ರ ತರಿಸಿ ಕೊಡಬೇಕು. ಊರು ಬಿಟ್ಟು ಬೇರೆಡೆಯ ಲಾಡ್ಜ್ ಸೇರುವವನಿಗೆ ಬಾಕಿ ಇಲ್ಲವೆಂದು ಬರೆದುಕೊಡಬೇಕು. ನಿಮ್ಮ ಅಜ್ಜನ ಕಾಲದಲ್ಲಿ ಫೋನೂ ಅಪರೂಪವಾಗಿದ್ದ ದಕ್ಷಿಣ ಕೊಡಗಿನಿಂದ ಈ ಕೆಲಸ ಮಾಡಬೇಕಾದರೆ ಎಷ್ಟು ಅಚ್ಚುಕಟ್ಟುತನ ಬೇಕಾಗಿತ್ತೆಂಬುದನ್ನು ನಾನು ಊಹಿಸಬಲ್ಲೆ. ನನ್ನ ಕಾಲದಲ್ಲೇ ಜುಲೈ ತಿಂಗಳ ಸಭೆಗೆ ಹೊರಟರೆ ನಡಾವಳಿ ಪುಸ್ತಕವನ್ನು ರಸಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸುಂಟಿಕೊಪ್ಪ ದಾಟುವವರೆಗೂ ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದೆ.

ಈ ಹುದ್ದೆಯ ತೂಕ ನನಗೆ ಅರ್ಥವಾದದ್ದು ನನ್ನದೇ ತಪ್ಪಿನಿಂದ. ಲಾಡ್ಜ್ ಸೇರಲು ಅರ್ಜಿ ಹಾಕಿದವನ ಹೆಸರು, ವಯಸ್ಸು, ಉದ್ಯೋಗ, ವಿಳಾಸ, ಅವನನ್ನು ಸೂಚಿಸಿದವರ ಮತ್ತು ಅನುಮೋದಿಸಿದವರ ಹೆಸರು ಇಷ್ಟೂ ಮತದಾನ ನಡೆಯುವ ಸಭೆಯ ಸಮನ್ಸ್‌ನಲ್ಲಿ ಅಚ್ಚಾಗಿರಲೇಬೇಕು. ಆಕ್ಷೇಪಣೆ ಇದ್ದವರು ಬಂದು ಹೇಳಲಿ ಎಂಬುದು ಅದರ ಉದ್ದೇಶ. ಒಂದು ವರ್ಷ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ನಾನು ಒಬ್ಬ ಯುವಕನ ಹೆಸರು ಸೇರಿಸುವುದನ್ನು ಮರೆತೆ. ಸಭೆಯ ದಿನ ಅದು ಗೊತ್ತಾದಾಗ, ಎಲ್ಲರೂ ಬಲ್ಲ ಹುಡುಗ, ಮತ ಹಾಕಿಬಿಡೋಣ ಎಂದು ಹಲವರು ಹೇಳಿದರು. ಮಾಸ್ಟರ್ ಪೀಠದಲ್ಲಿದ್ದವರು ಹೊರಗಿನ ಬದುಕಿನಲ್ಲಿ ಬಹಳ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಅವರ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಅವರು ನಿಯಮಗಳ ಪುಸ್ತಕವನ್ನು ತೆರೆದು, ನನ್ನ ಕಡೆಗೆ ಒಮ್ಮೆ ನೋಡಿ, “ನನಗೆ ಆ ಅಧಿಕಾರವಿಲ್ಲ” ಎಂದಷ್ಟೇ ಹೇಳಿದರು. ಯುವಕ ಮುಂದಿನ ಸಭೆಯವರೆಗೆ ಕಾಯಬೇಕಾಯಿತು. ಅವನ ಮನೆಗೆ ಹೋಗಿ ನಾನು ಕ್ಷಮೆ ಕೇಳಿದೆ.

ಆ ಮತದಾನ ಹೇಗೆ ನಡೆಯುತ್ತದೆಂಬುದನ್ನೂ ಹೇಳುತ್ತೇನೆ. ಮರದ ಒಂದು ಪೆಟ್ಟಿಗೆ, ಅದರ ಮುಂಬದಿಯಲ್ಲಿ ಕೈ ತೂರುವಷ್ಟು ರಂಧ್ರ. ಗೋಲಿಯಷ್ಟು ದೊಡ್ಡ ಬಿಳಿ ಗುಂಡು ಒಪ್ಪಿಗೆಗೆ, ಕಪ್ಪು ಗುಂಡು ನಿರಾಕರಣೆಗೆ. ಒಬ್ಬೊಬ್ಬರೂ ಕೈ ಒಳಗಿಟ್ಟು ಬಿಡುವಾಗ ಗುಂಡು ಮರಕ್ಕೆ ತಾಗುವ ಸದ್ದು ಮಾತ್ರ ಕೇಳಿಸುತ್ತದೆ. ಯಾವ ಬಣ್ಣವೆಂದು ಪಕ್ಕದವನಿಗೂ ತಿಳಿಯುವುದಿಲ್ಲ. ಇಂಗ್ಲಿಷ್ ನಿಯಮದಲ್ಲಿ ಮೂರು ಕಪ್ಪು ಗುಂಡು ಬಿದ್ದರೆ ಅರ್ಜಿ ತಿರಸ್ಕೃತ; ಎರಡು ಅಥವಾ ಒಂದೇ ಸಾಕೆಂದು ಲಾಡ್ಜ್ ತನ್ನ ಉಪನಿಯಮದಲ್ಲಿ ಬಿಗಿಮಾಡಿಕೊಳ್ಳಬಹುದು. ಮಾಸ್ಟರ್‌ನಿಗೂ ಒಂದೇ ಗುಂಡು, ನಿನ್ನೆ ಸೇರಿದವನಿಗೂ ಒಂದೇ ಗುಂಡು.

ಉಳಿದವರನ್ನು ಬೇಗ ಹೇಳಿಬಿಡುತ್ತೇನೆ. ಖಜಾಂಚಿಯ ಪದಕ ಬೀಗದ ಕೈ. ಇತರ ಬಹುತೇಕರನ್ನು ಮಾಸ್ಟರ್ ನೇಮಿಸಿದರೂ ಖಜಾಂಚಿಯನ್ನು ಸದಸ್ಯರೇ ಚುನಾಯಿಸುತ್ತಾರೆ, ಅವನ ಲೆಕ್ಕವನ್ನು ನೋಡುವ ಪರಿಶೋಧಕರನ್ನೂ ಅವರೇ ಆರಿಸುತ್ತಾರೆ. ಹಣ ಎಲ್ಲರದಾದ್ದರಿಂದ ಅದನ್ನು ಕಾಯುವವನು ಮಾಸ್ಟರ್‌ನ ಋಣದಲ್ಲಿರಬಾರದೆಂಬ ವಿವೇಕ ಅದರಲ್ಲಿದೆ. ಡಿ.ಸಿ. ಎಂದರೆ ನಮ್ಮ ಜಿಲ್ಲಾಧಿಕಾರಿಗಳಲ್ಲ, ವಿಧಿಗಳು ಕ್ರಮವಾಗಿ ನಡೆಯುವಂತೆ ನೋಡಿಕೊಳ್ಳುವ ಡೈರೆಕ್ಟರ್ ಆಫ್ ಸೆರಿಮನೀಸ್. ಇಬ್ಬರು ಡೀಕನ್‌ಗಳು ಮಾಸ್ಟರ್‌ನ ಆಜ್ಞೆಯನ್ನು ವಾರ್ಡನ್‌ಗಳಿಗೆ ಮುಟ್ಟಿಸುತ್ತಾರೆ, ದೀಕ್ಷೆ ಪಡೆಯುವವನ ಕೈ ಹಿಡಿದು ನಡೆಸುತ್ತಾರೆ. ಚಾಪ್ಲಿನ್ ಪ್ರಾರ್ಥನೆ ಹೇಳುತ್ತಾನೆ. ಭಾರತದ ಲಾಡ್ಜ್‌ಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಜೆಂದ್ ಅವೆಸ್ತಾ ಇವುಗಳನ್ನು ಒಟ್ಟಿಗೆ ತೆರೆದಿಟ್ಟು, ಅವರವರು ತಮ್ಮ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುವುದು ನಮ್ಮ ನೆಲದ ವಿಶೇಷ. ಆಲ್ಮನರ್ ಎಂಬವನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮ ಅಜ್ಜಿಗೆ ಇವನ ಪರಿಚಯವಿದ್ದಿರಬಹುದು. ಕಾಯಿಲೆ ಬಿದ್ದ ಸದಸ್ಯರನ್ನು, ತೀರಿಹೋದವರ ಹೆಂಡತಿ ಮಕ್ಕಳನ್ನು ಹೋಗಿ ಮಾತನಾಡಿಸಿ, ಕಷ್ಟವಿದ್ದರೆ ಸದ್ದಿಲ್ಲದೆ ನೆರವು ತಲುಪಿಸುವುದು ಅವನ ಕೆಲಸ. ಅವನ ಪದಕ ಒಂದು ಹಣದ ಚೀಲ. ಯಾರಿಗೆ ಎಷ್ಟು ಕೊಟ್ಟನೆಂಬುದನ್ನು ಅವನು ಸಭೆಯಲ್ಲಿ ಹೆಸರು ಹಿಡಿದು ಹೇಳುವ ರೂಢಿ ಇಲ್ಲ.

ಐ.ಜಿ. ಎಂದರೆ ಇನ್ನರ್ ಗಾರ್ಡ್, ಬಾಗಿಲ ಒಳಗೆ ನಿಲ್ಲುವವನು. ಬಾಗಿಲ ಹೊರಗೆ ಬಿಚ್ಚುಗತ್ತಿ ಹಿಡಿದು ನಿಲ್ಲುವವನು ಟೈಲರ್. ಬಟ್ಟೆ ಹೊಲಿಯುವ ಟೈಲರ್‌ಗೂ ಇವನಿಗೂ ಸಂಬಂಧವಿಲ್ಲ. ಲಾಡ್ಜ್‌ನ ಶ್ರೇಣಿಯಲ್ಲಿ ಕಟ್ಟಕಡೆಯ ಸ್ಥಾನ ಇವನದು. 1717ರ ಜೂನ್ 24ರಂದು ಲಂಡನ್ನಿನ ‘ಗೂಸ್ ಅಂಡ್ ಗ್ರಿಡೈರನ್’ ಎಂಬ ಪಾನಗೃಹದಲ್ಲಿ ನಾಲ್ಕು ಲಾಡ್ಜ್‌ಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜನ್ನು ಕಟ್ಟಿದವೆಂದು ಪರಂಪರೆ ಹೇಳುತ್ತದೆ. ಅಂದು ಆಂಥನಿ ಸೇಯರ್ ಎಂಬುವರು ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಅದೇ ಸೇಯರ್ ಮುಂದೆ ಬಡತನಕ್ಕೆ ಸಿಕ್ಕಿ ಗ್ರ್ಯಾಂಡ್ ಲಾಡ್ಜ್‌ಗೆ ನೆರವು ಕೋರಿ ಅರ್ಜಿ ಕೊಟ್ಟರು, ಕೊನೆಗಾಲದಲ್ಲಿ ಲಂಡನ್ನಿನ ಒಂದು ಲಾಡ್ಜ್‌ನ ಬಾಗಿಲಲ್ಲಿ ಟೈಲರ್ ಆಗಿ ನಿಂತರು. ಮೊತ್ತಮೊದಲ ಗ್ರ್ಯಾಂಡ್ ಮಾಸ್ಟರೇ ಬಾಗಿಲು ಕಾದದ್ದನ್ನು ನಮ್ಮಲ್ಲಿ ಅವಮಾನವೆಂದು ಯಾರೂ ಹೇಳುವುದಿಲ್ಲ. ಅವರಿಗೆ ನೆರವು ಸಿಕ್ಕಿತು, ಕೆಲಸವೂ ಸಿಕ್ಕಿತು.

ಇನ್ನು ನಿಮ್ಮ ಅಜ್ಜನ ಮೇಲೆ ಯಾರಿದ್ದರೆಂಬ ಪ್ರಶ್ನೆ. ಬ್ರಿಟಿಷರ ಕಾಲದಲ್ಲಿ ಭಾರತದ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್‌ಲ್ಯಾಂಡ್, ಐರ್ಲೆಂಡ್ ಈ ಮೂರರಲ್ಲಿ ಒಂದರ ಗ್ರ್ಯಾಂಡ್ ಲಾಡ್ಜ್‌ಗೆ ಸೇರಿದ್ದವು. ದಕ್ಷಿಣದ ಇಂಗ್ಲಿಷ್ ಲಾಡ್ಜ್‌ಗಳು ಮದ್ರಾಸಿನ ಡಿಸ್ಟ್ರಿಕ್ಟ್ ಗ್ರ್ಯಾಂಡ್ ಲಾಡ್ಜ್‌ನ ಕೈಕೆಳಗಿದ್ದವು. ಸ್ವಾತಂತ್ರ್ಯದ ನಂತರ, 1961ರ ನವೆಂಬರ್ 24ರಂದು ಆ ಮೂರೂ ಮಾತೃಸಂಸ್ಥೆಗಳು ಸೇರಿ ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾವನ್ನು ಸ್ಥಾಪಿಸಿದವು. ಅದರ ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ರಜಾ ಅಲಿ ಖಾನ್. ಹೊಸ ಸಂಸ್ಥೆಗೆ ಸೇರಬೇಕೋ ಹಳೆಯದರಲ್ಲೇ ಉಳಿಯಬೇಕೋ ಎಂಬುದನ್ನು ಆಯಾ ಲಾಡ್ಜ್‌ನ ಸದಸ್ಯರಿಗೇ ಬಿಟ್ಟರು. ಉಳಿದುಕೊಂಡವು ಇಂದೂ ಇವೆ. ದೇಶ ದೊಡ್ಡದಾದ್ದರಿಂದ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ಪ್ರಾಂತೀಯ ಗ್ರ್ಯಾಂಡ್ ಲಾಡ್ಜ್‌ಗಳಿವೆ. ಒಂದೊಂದಕ್ಕೂ ಒಬ್ಬ ರೀಜನಲ್ ಗ್ರ್ಯಾಂಡ್ ಮಾಸ್ಟರ್, ಅವರಿಗೆ ಸಹಾಯಕ್ಕೆ ಉಪ ಮತ್ತು ಸಹಾಯಕ ಗ್ರ್ಯಾಂಡ್ ಮಾಸ್ಟರ್‌ಗಳು, ಕಚೇರಿ ನಡೆಸಲು ರೀಜನಲ್ ಗ್ರ್ಯಾಂಡ್ ಸೆಕ್ರೆಟರಿ. ಕರ್ನಾಟಕವು ಚೆನ್ನೈ ಕೇಂದ್ರವಾಗಿರುವ ದಕ್ಷಿಣ ಪ್ರಾಂತದಲ್ಲಿದೆ. ಆದ್ದರಿಂದ 1968ರ ನಿಮ್ಮ ಸಮನ್ಸ್‌ನ ತಲೆಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ಹೆಸರಿದ್ದರೆ, ಅಜ್ಜ ಕಳಿಸುತ್ತಿದ್ದ ವಾರ್ಷಿಕ ಲೆಕ್ಕಪತ್ರಗಳು ಮದ್ರಾಸಿಗೂ ಅಲ್ಲಿಂದ ದೆಹಲಿಗೂ ಹೋಗುತ್ತಿದ್ದವು. ಇಂಗ್ಲೆಂಡಿನ ಅಥವಾ ಸ್ಕಾಟ್‌ಲ್ಯಾಂಡಿನ ಹೆಸರಿದ್ದರೆ ಅವರ ಲಾಡ್ಜ್ ಹಳೆಯ ನಂಟನ್ನು ಬಿಡದೆ ಉಳಿದುಕೊಂಡದ್ದು ಎಂದು ತಿಳಿಯಬಹುದು.

ಮೇಲಿನ ಪೀಠದಲ್ಲಿ ಕುಳಿತವರ ಮನಸ್ಸು ಸಣ್ಣದಾದರೆ ಕೆಳಗೆ ಏನಾಗುತ್ತದೆಂಬುದಕ್ಕೂ ನಮ್ಮ ಇತಿಹಾಸದಲ್ಲೇ ಉದಾಹರಣೆ ಇದೆ, ಅದನ್ನು ಮುಚ್ಚಿಡಬಾರದು. ಕಲ್ಕತ್ತೆಯಲ್ಲಿ ಪ್ರಸನ್ನ ಕುಮಾರ ದತ್ತರು ಮೇಸನ್ ಆಗಲು ಬಯಸಿದಾಗ, ಹಿಂದೂಗಳನ್ನು ಸೇರಿಸಲಾಗದೆಂದು ಅಲ್ಲಿಯ ಮುಖ್ಯಸ್ಥರು ಅಡ್ಡಿ ಮಾಡಿದರು. ಸುಮಾರು ಒಂಬತ್ತು ವರ್ಷಗಳ ಹೋರಾಟದ ನಂತರ 1872ರಲ್ಲಿ ಅವರಿಗೆ ದೀಕ್ಷೆ ದೊರೆಯಿತು. ಅದಕ್ಕೂ ಮುಂಚೆ ಬೊಂಬಾಯಿಯಲ್ಲಿ, ಸ್ಕಾಟಿಷ್ ಲಾಡ್ಜ್‌ಗಳ ಪ್ರಾಂತೀಯ ಮುಖ್ಯಸ್ಥರಾಗಿದ್ದ ಜೇಮ್ಸ್ ಬರ್ನ್ಸ್ ಭಾರತೀಯರಿಗಾಗಿಯೇ 1843ರಲ್ಲಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜ್ ತೆರೆಯಲು ಮುಂದಾಗಿದ್ದರು. ಪುಸ್ತಕದಲ್ಲಿದ್ದ ತತ್ತ್ವ ಎರಡು ಊರಿನಲ್ಲೂ ಒಂದೇ; ಬಾಗಿಲು ತೆರೆಯುವುದೂ ಮುಚ್ಚುವುದೂ ಪೀಠದಲ್ಲಿದ್ದವರನ್ನು ಅವಲಂಬಿಸಿತ್ತು. ಕಲ್ಕತ್ತೆಯಲ್ಲಿ ನರೇಂದ್ರನಾಥ ದತ್ತರು, ಮುಂದೆ ಸ್ವಾಮಿ ವಿವೇಕಾನಂದರಾದವರು, 1884ರಲ್ಲಿ ‘ಆ್ಯಂಕರ್ ಅಂಡ್ ಹೋಪ್’ ಲಾಡ್ಜ್ ಸೇರಲು ಸಾಧ್ಯವಾದದ್ದು ಆ ಹೋರಾಟ ಮುಗಿದ ಮೇಲೆ.

ಇಡೀ ಪ್ರಪಂಚಕ್ಕೆ ಒಬ್ಬನೇ ನಾಯಕನಿದ್ದಾನೆ ಎನ್ನುವುದು ಸುಳ್ಳು. ಒಂದೊಂದು ಗ್ರ್ಯಾಂಡ್ ಲಾಡ್ಜೂ ತನ್ನ ಸೀಮೆಯಲ್ಲಿ ಸ್ವತಂತ್ರ. ಅಮೆರಿಕದಲ್ಲಂತೂ ರಾಜ್ಯಕ್ಕೊಂದು ಬೇರೆ ಗ್ರ್ಯಾಂಡ್ ಲಾಡ್ಜ್ ಇದೆ. ಲಂಡನ್ನಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆಫ್ ಇಂಗ್ಲೆಂಡಿಗೆ ಹಿರಿಯತನದ ಗೌರವವಿದೆ, ಒಂದು ಗ್ರ್ಯಾಂಡ್ ಲಾಡ್ಜನ್ನು ಅದು ಮಾನ್ಯ ಮಾಡಿತೇ ಇಲ್ಲವೇ ಎಂಬುದಕ್ಕೆ ಬೆಲೆ ಇದೆ. ಆದರೆ ದೆಹಲಿಗೆ ಆಜ್ಞೆ ಮಾಡುವ ಅಧಿಕಾರ ಅದಕ್ಕಿಲ್ಲ. 1967ರಲ್ಲಿ ಅಲ್ಲಿ ಗ್ರ್ಯಾಂಡ್ ಮಾಸ್ಟರ್ ಆದ ಡ್ಯೂಕ್ ಆಫ್ ಕೆಂಟ್ ರಾಜಮನೆತನದವರಾದರೂ ಅವರನ್ನು ವರ್ಷಕ್ಕೊಮ್ಮೆ ಚುನಾಯಿಸಲೇಬೇಕಾಗಿತ್ತು. ಗ್ರ್ಯಾಂಡ್ ಮಾಸ್ಟರ್ ರಾಜವಂಶದವರಾದಾಗ ಅವರ ಪರವಾಗಿ ಆಡಳಿತ ನೋಡಲು ಪ್ರೊ ಗ್ರ್ಯಾಂಡ್ ಮಾಸ್ಟರ್ ಎಂಬ ಬೇರೆ ಹುದ್ದೆ ಇದೆ. ಹಣಕಾಸು, ನಿಯಮ, ಕಟ್ಟಡ ಮುಂತಾದ ದೈನಂದಿನ ವಿಷಯಗಳನ್ನು ಒಂದು ಮಂಡಳಿ ನೋಡಿಕೊಳ್ಳುತ್ತದೆ, ಕಾನೂನಿನ ಸಲಹೆಗೆ ಗ್ರ್ಯಾಂಡ್ ರಿಜಿಸ್ಟ್ರಾರ್ ಇರುತ್ತಾರೆ. 1874ರಿಂದ ಗ್ರ್ಯಾಂಡ್ ಮಾಸ್ಟರ್ ಆಗಿದ್ದ ಎಡ್ವರ್ಡ್ ರಾಜಕುಮಾರರು 1901ರಲ್ಲಿ ಸಿಂಹಾಸನವೇರಿದಾಗ ಆ ಪೀಠವನ್ನು ಬಿಟ್ಟುಕೊಟ್ಟರು.

33ನೇ ಡಿಗ್ರಿಯ ಮಾತು ಇನ್ನೊಂದು ಗೊಂದಲ. ಲಾಡ್ಜ್‌ನಲ್ಲಿರುವುದು ಮೂರೇ ಡಿಗ್ರಿ: ಎಂಟರ್ಡ್ ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಕಲಿಯುವ ಹುಡುಗ, ಕೆಲಸ ಬಲ್ಲವನು, ಮೇಸ್ತ್ರಿ ಎನ್ನಬಹುದು. ಮೂರನೆಯದನ್ನು ಪಡೆದವರೆಲ್ಲ ಮಾಸ್ಟರ್ ಮೇಸನ್ನರೇ, ಆದರೆ ಲಾಡ್ಜ್‌ನ ಮಾಸ್ಟರ್ ಅವರಲ್ಲಿ ಒಬ್ಬ. ಈ ಎರಡನ್ನು ಬೆರೆಸಿಕೊಂಡೇ ಅರ್ಧ ತಪ್ಪುಕಲ್ಪನೆಗಳು ಹುಟ್ಟುತ್ತವೆ. 33ರವರೆಗಿನ ಡಿಗ್ರಿಗಳು ಏನ್ಷಿಯಂಟ್ ಅಂಡ್ ಆಕ್ಸೆಪ್ಟೆಡ್ ರೈಟ್ ಎಂಬ ಬೇರೆಯೇ ವ್ಯವಸ್ಥೆಗೆ ಸೇರಿದವು. ಮಾಸ್ಟರ್ ಮೇಸನ್ ಆದವನು ಇಷ್ಟವಿದ್ದರೆ ಅದನ್ನು ಸೇರಬಹುದು. ಅದಕ್ಕೆ ಅದರದೇ ಸುಪ್ರೀಂ ಕೌನ್ಸಿಲ್ ಇದೆ, ಆ ಕೌನ್ಸಿಲ್‌ಗಳಲ್ಲಿ ಮೊದಲನೆಯದು 1801ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಸ್ಥಾಪನೆಯಾಯಿತು. 33ನೇ ಡಿಗ್ರಿ ಪಡೆದವನು ತನ್ನ ಊರಿನ ಲಾಡ್ಜ್‌ಗೆ ಬಂದರೆ, ಆ ವರ್ಷದ ಮಾಸ್ಟರ್‌ನ ಸುತ್ತಿಗೆಯ ಸದ್ದಿಗೆ ಎಲ್ಲರಂತೆ ಎದ್ದು ನಿಲ್ಲುತ್ತಾನೆ. ಮಹಿಳೆಯರ ವಿಷಯವನ್ನು ನೀವು ಕೇಳಿಲ್ಲವಾದರೂ ಹಲವರು ಕೇಳುತ್ತಾರೆ: ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಪ್ರೌಢ ಪುರುಷರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಸ್ತ್ರೀಪುರುಷರಿಬ್ಬರನ್ನೂ ಸೇರಿಸುವ ಬೇರೆ ಪರಂಪರೆಯೂ ಇದೆ. 1902ರಲ್ಲಿ ಅದನ್ನು ಸೇರಿದ ಆನಿ ಬೆಸೆಂಟ್ ಅದರ ದೊಡ್ಡ ನಾಯಕಿಯಾದರು.

ಕೊನೆಯದಾಗಿ ವಸ್ತುಗಳ ವಿಷಯ. ಏಪ್ರನ್ ಮತ್ತು ಪಾಸ್ಟ್ ಮಾಸ್ಟರ್ ಪದಕ ಅಜ್ಜನ ಸ್ವಂತದವು, ಅವು ನಿಮ್ಮ ಮನೆಯಲ್ಲಿರಲಿ. ಚರ್ಮವನ್ನು ಬಿಸಿಲಿಗೂ ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಒಣ ಹತ್ತಿಬಟ್ಟೆಯಿಂದ ಬೂಸ್ಟನ್ನು ಮೆಲ್ಲಗೆ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಮಡಚದೆ ಇಡಿ. ಬೆಳ್ಳಿಯ ಹಿಂಬದಿಯಲ್ಲಿ ಕೆತ್ತಿದ ಅಕ್ಷರಗಳಿರಬಹುದಾದ್ದರಿಂದ ಗಟ್ಟಿಯಾಗಿ ತಿಕ್ಕಬೇಡಿ. ಕಾರ್ಯದರ್ಶಿಯ ಕೊರಳಪಟ್ಟಿ ಮಾತ್ರ ಸಾಮಾನ್ಯವಾಗಿ ಲಾಡ್ಜ್‌ನ ಆಸ್ತಿ, ಒಬ್ಬರಿಂದ ಒಬ್ಬರಿಗೆ ಕೊರಳಿನಿಂದ ಕೊರಳಿಗೆ ಹೋಗಬೇಕಾದದ್ದು. ಸಮನ್ಸ್‌ನಲ್ಲಿ ಲಾಡ್ಜ್‌ನ ಹೆಸರಿನ ಮುಂದೆ ಅದರ ಸಂಖ್ಯೆ ಇರುತ್ತದೆ; ಆ ಹೆಸರನ್ನೂ ಸಂಖ್ಯೆಯನ್ನೂ ಬರೆದು ಚೆನ್ನೈನ ರೀಜನಲ್ ಗ್ರ್ಯಾಂಡ್ ಸೆಕ್ರೆಟರಿಯವರಿಗೆ ಒಂದು ಪತ್ರ ಹಾಕಿದರೆ, ಲಾಡ್ಜ್ ಈಗಲೂ ನಡೆಯುತ್ತಿದೆಯೇ, ಪಟ್ಟಿಯನ್ನು ಯಾರಿಗೆ ಒಪ್ಪಿಸಬೇಕೆಂಬುದನ್ನು ತಿಳಿಸುತ್ತಾರೆ. ಟ್ರಂಕಿನ ತಳದಲ್ಲಿ ನಡಾವಳಿ ಪುಸ್ತಕವೇನಾದರೂ ಉಳಿದಿದ್ದರೆ ಅದನ್ನೂ ದಯವಿಟ್ಟು ತಲುಪಿಸಿ. ಅದು ಇಲ್ಲದೆ ಆ ಲಾಡ್ಜ್‌ನ ನೆನಪಿನಲ್ಲಿ ಅಷ್ಟು ವರ್ಷಗಳ ಜಾಗ ಖಾಲಿ ಇರುತ್ತದೆ. ಕೊಡುವ ಮುಂಚೆ ಒಂದೊಂದು ಪುಟವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ, ಅಕ್ಷರ ನಿಮ್ಮ ಅಜ್ಜನದೇ ಆಗಿರುತ್ತದೆ.

ಹಾಗೆಯೇ ಆ 1968ರ ಕಾಗದವನ್ನು ತಿರುವಿ ನೋಡಿ. ಹಲವು ಲಾಡ್ಜ್‌ಗಳು ಸಮನ್ಸ್‌ನ ಹಿಂಬದಿಯಲ್ಲೋ ಒಳಪುಟದಲ್ಲೋ ತಮ್ಮ ಪಾಸ್ಟ್ ಮಾಸ್ಟರ್‌ಗಳ ಹೆಸರುಗಳನ್ನು ಇಸವಿಯ ಸಮೇತ ಅಚ್ಚು ಹಾಕಿಸುತ್ತವೆ. ನಿಮ್ಮ ಅಜ್ಜನ ಹೆಸರು ಅಲ್ಲಿದ್ದರೆ, ಅದರ ಪಕ್ಕದಲ್ಲಿರುವ ಇಸವಿಯೇ ಅವರು ಪೀಠದಲ್ಲಿ ಕುಳಿತ ವರ್ಷ.